ಇಪ್ಪತ್ತೈದು ಜನರ ಕಂಪನಿ ಇಪ್ಪತ್ತೈದು ಜನರದ್ದಾಗಿಯೇ ಉಳಿದರೆ ತಪ್ಪೇನು?

"ನಿಮ್ಮ ಕಂಪನೀಲಿ ಎಷ್ಟು ಜನ ಇದಾರೆ?"

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಈ ಪ್ರಶ್ನೆ ಹೊಸದೇನಲ್ಲ. ಮದುವೆ ಮನೇಲಿ ಸಿಗೋ ದೂರದ ನೆಂಟರು ಕೇಳ್ತಾರೆ, ಬಾಡಿಗೆಗೆ ಮನೆ ಕೊಡೋರು ಕೇಳ್ತಾರೆ, ಹೆಣ್ಣು ಕೊಡೋರಂತೂ ಕೇಳೇ ಕೇಳ್ತಾರೆ. "ಇಪ್ಪತ್ತೈದು" ಅಂದ್ರೆ "ಸಾವಿರಾನಾ?" ಅಂತ ತಿರುಗಿ ಕೇಳಿದವರೂ ಇದ್ದಾರೆ :-)

ನೆಂಟರ ಮಾತು ಬಿಡಿ, ನಮ್ಮ ಉದ್ಯಮದವರೇ ಹಾಗೆ ಯೋಚಿಸ್ತಾರೆ. ಈ ವರ್ಷ ಎಷ್ಟು ಜನರನ್ನ ತಗೊಂಡ್ರು, ಎಷ್ಟು ಫ್ಲೋರ್ ಹೊಸದಾಗಿ ಹಿಡಿದ್ರು ಅನ್ನೋದೇ ಕಂಪನಿಯ ಆರೋಗ್ಯದ ಲೆಕ್ಕ. ಚಿಕ್ಕ ಕನ್ಸಲ್ಟಿಂಗ್ ಕಂಪನಿ ಅಂದ್ರೆ ಇನ್ನೂ ದೊಡ್ಡದಾಗದೇ ಇರೋ ದೊಡ್ಡ ಕಂಪನಿ ಅಂತ ಅರ್ಥ. ಹತ್ತು ವರ್ಷ ಆದ್ರೂ ಅದು ಚಿಕ್ಕದಾಗೇ ಇದ್ರೆ "ಪಾಪ, ಬೆಳೀಲಿಲ್ಲ" ಅಂತಾರೆ.

ನನಗೆ ಈ ಮಾತು ಸರಿ ಅನಿಸಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಟೈಮ್ ಇದ್ದಾಗ ಓದಿ. ನಮ್ಮ ಬ್ಲಾಗಿಗರಲ್ಲಿ ಅರ್ಧಕ್ಕರ್ಧ ಜನ ಇದೇ ದಂಧೆಯವರು, ಹಾಗಾಗಿ ಜಗಳ ಆಡೋಕೂ ಜನ ಸಿಗ್ತಾರೆ ಅನ್ನೋ ಧೈರ್ಯ.

ಮೊದಲು ಕನ್ಸಲ್ಟಿಂಗ್ ಅಂದ್ರೇನು ಅಂತ ಸಾಫ್ಟ್‌ವೇರಿನವರಲ್ಲದವರಿಗೆ ಒಂದು ಮಾತು. ಎಂಟಿಆರ್ ಗೊತ್ತಲ್ಲ? 1924ರಲ್ಲಿ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಅಂತ ಶುರುವಾದ ಹೋಟೆಲು. ಹೋಟೆಲ್ ಅಂದ್ರೆ ಸರ್ವೀಸು. ಇವತ್ತು ನೂರು ದೋಸೆ ಹೊಯ್ದರೆ ನೂರು ದೋಸೆ ದುಡ್ಡು. ನಾಳೆ ಮತ್ತೆ ಒಲೆ ಹಚ್ಚಬೇಕು, ಮತ್ತೆ ಹಿಟ್ಟು ರುಬ್ಬಬೇಕು. ಹೆಚ್ಚು ದೋಸೆ ಬೇಕಂದ್ರೆ ಹೆಚ್ಚು ಕಾವಲಿ, ಹೆಚ್ಚು ಅಡುಗೆಯವರು. ಎಪ್ಪತ್ತರ ದಶಕದಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಹೋಟೆಲ್ ತಿಂಡಿಗಳ ಬೆಲೆಗೆ ಸರ್ಕಾರ ಕಡಿವಾಣ ಹಾಕಿದಾಗ ಹೋಟೆಲ್ ನಡೆಸೋದು ಕಷ್ಟ ಆಯ್ತು, ಅವರು ಪುಡಿ-ಮಿಕ್ಸ್‌ಗಳ ಪ್ಯಾಕೆಟ್ ಮಾರೋ ಕಡೆ ಹೊರಳಿದ್ರು. ಅದು ಪ್ರಾಡಕ್ಟು. ರವೆ ಇಡ್ಲಿ ಮಿಕ್ಸಿನ ಹದ ಒಂದು ಸಲ ಕೂತರೆ ಸಾಕು, ಅದನ್ನ ಲಕ್ಷ ಪ್ಯಾಕೆಟ್ ಮಾಡೋಕೆ ಲಕ್ಷ ಅಡುಗೆಯವರು ಬೇಕಾಗಲ್ಲ. 2007ರಲ್ಲಿ ಆ ಪ್ಯಾಕೆಟ್ ಕಂಪನಿಯನ್ನ ನಾರ್ವೆಯ ಓರ್ಕ್ಲಾ ಕೊಂಡುಕೊಳ್ತು. ಹೋಟೆಲ್ ಮಾತ್ರ ಮಯ್ಯರ ಮನೆಯವರ ಹತ್ತಿರವೇ ಉಳೀತು. ಒಂದೇ ಹೆಸರು, ಎರಡು ದಾರಿ, ಎರಡು ಥರದ ಮಾಲೀಕತ್ವ. ಈ ಮೂರೂ ಸಂಗತಿ ನೆನಪಿಟ್ಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಸಾಫ್ಟ್‌ವೇರ್ ಕನ್ಸಲ್ಟಿಂಗ್ ಹೋಟೆಲ್ ಥರ. ನಾವು ಮಾರೋದು ಎಂಜಿನಿಯರುಗಳ ಗಂಟೆಗಳನ್ನ.

ಒಂದು ಲೆಕ್ಕ ಹಾಕೋಣ. ಸುಮ್ನೆ ಉದಾಹರಣೆಗೆ, ಹತ್ತು ಜನ ಎಂಜಿನಿಯರುಗಳ ಕಂಪನಿ ಅಂತ ಇಟ್ಕೊಳ್ಳಿ. ಎಂಟು ಜನ ಪ್ರಾಜೆಕ್ಟಿನಲ್ಲಿ, ಇಬ್ಬರು ಬೆಂಚಿನಲ್ಲಿ. ತಿಂಗಳಿಗೆ ತಲಾ 160 ಗಂಟೆ, ಗಂಟೆಗೆ 1500 ರೂಪಾಯಿ. ಆದಾಯ 19.2 ಲಕ್ಷ. ಹತ್ತು ಜನರ ಸಂಬಳ ತಲಾ ಒಂದು ಲಕ್ಷದ ಹಾಗೆ 10 ಲಕ್ಷ, ಬಾಡಿಗೆ, ಲ್ಯಾಪ್‌ಟಾಪು, ಆಡಿಟರ್ರು, ಕಾಫಿ ಎಲ್ಲ ಸೇರಿ 3 ಲಕ್ಷ. ಉಳಿದದ್ದು 6.2 ಲಕ್ಷ. ಪರವಾಗಿಲ್ವೇ, ಚೆನ್ನಾಗಿದೆ ಅನಿಸುತ್ತೆ ಅಲ್ವಾ?

ಈಗ ನಾಲ್ಕು ಜನರನ್ನ ತಗೊಂಡಿದ್ದ ಒಬ್ಬ ಗಿರಾಕಿ "ಬಜೆಟ್ ಕಟ್ಟಾಗಿದೆ, ಮುಂದಿನ ತಿಂಗಳಿಂದ ಬೇಡ" ಅಂದ ಅನ್ಕೊಳ್ಳಿ. ಆದಾಯ 9.6 ಲಕ್ಷಕ್ಕೆ ಇಳೀತು. ಖರ್ಚು ಅದೇ 13 ಲಕ್ಷ. ತಿಂಗಳಿಗೆ 3.4 ಲಕ್ಷ ಕೈಯಿಂದ. ಒಂದು ಒಳ್ಳೇ ತಿಂಗಳ ಉಳಿತಾಯ ಎರಡು ಕೆಟ್ಟ ತಿಂಗಳಿಗೂ ಸಾಲೋದಿಲ್ಲ.

ಇದರ ಮೇಲೆ ದುಡ್ಡು ಬರೋ ಕಥೆ ಬೇರೆ. ಸಂಬಳ ತಿಂಗಳ ಕೊನೇ ದಿನ ಕೊಡಲೇಬೇಕು. ಗಿರಾಕಿಯ ದುಡ್ಡು ಅರವತ್ತೋ ತೊಂಬತ್ತೋ ದಿನಕ್ಕೆ ಬರುತ್ತೆ. ಗಿರಾಕಿ ಇಲ್ಲಿಯವನೇ ಆದರೆ ಬಿಲ್ಲು ಹಾಕಿದ್ದಕ್ಕೇ 18% ಜಿಎಸ್‌ಟಿ ಕಟ್ಟಬೇಕು, ಅವನು ಕೊಟ್ಟಿರಲಿ ಬಿಟ್ಟಿರಲಿ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಚಿಕ್ಕ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ಇಲ್ಲದಿದ್ದರೆ ಬಡ್ಡಿ ಸೇರಿಸಿ ಕೊಡಬೇಕು. ಆದರೆ ನಿಮ್ಮ ಅರ್ಧ ಆದಾಯ ಕೊಡೋ ಗಿರಾಕಿ ಮೇಲೆ ಯಾರು ದೂರು ಕೊಡ್ತಾರೆ ಹೇಳಿ? ನೀರಲ್ಲಿದ್ದು ಮೊಸಳೆ ಜೊತೆ ಜಗಳ ಆಡಿದ ಹಾಗೆ.

ಈ ಭಯದಿಂದ ತಪ್ಪಿಸಿಕೊಳ್ಳೋಕೆ ಕಂಪನಿಗಳಿಗೆ ಕಾಣೋ ಮೊದಲನೇ ದಾರಿ ಬೆಳೆಯೋದು. ಹತ್ತಲ್ಲ ಐವತ್ತು ಜನ ಇದ್ರೆ, ಮೂರಲ್ಲ ಹದಿನೈದು ಗಿರಾಕಿಗಳಿದ್ರೆ, ಒಬ್ಬ ಹೋದ್ರೂ ಮುಳುಗಲ್ಲ. ಇದು ಸುಳ್ಳಲ್ಲ. ಈ ದಾರಿಯ ದೊಡ್ಡ ಉದಾಹರಣೆ ನಮ್ಮೂರಲ್ಲೇ ಇದೆ.

ಇನ್ಫೋಸಿಸ್ ಶುರುವಾಗಿದ್ದು 1981ರಲ್ಲಿ, ಪುಣೆಯಲ್ಲಿ. ಏಳು ಜನ, ಸುಧಾ ಮೂರ್ತಿಯವರು ಕೊಟ್ಟ ಹತ್ತು ಸಾವಿರ ರೂಪಾಯಿ. ಈ ಕಥೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ. ಆದರೆ ಆಮೇಲಿನ ಹತ್ತು ವರ್ಷದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಮೊದಲ ಗಿರಾಕಿ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್. ಇಲ್ಲಿ ಕಂಪ್ಯೂಟರ್ ತರಿಸೋಕೆ ಆಮದು ಲೈಸೆನ್ಸು ಬೇಕು, ಅದಕ್ಕೆ ದೆಹಲಿಗೆ ಅಲೆಯಬೇಕು, ಒಂದು ಫೋನ್ ಲೈನಿಗೂ ಕಾಯಬೇಕು. ಹಾಗಾಗಿ ಎಂಜಿನಿಯರುಗಳೇ ಅಮೆರಿಕಕ್ಕೆ ಹೋಗಿ ಗಿರಾಕಿಯ ಆಫೀಸಿನಲ್ಲಿ ಕೂತು ಕೆಲಸ ಮಾಡ್ತಿದ್ರು. 1983ರಲ್ಲಿ ಮೈಕೋ ಕೆಲಸ ಸಿಕ್ಕಿತು ಅಂತ ಬೆಂಗಳೂರಿಗೆ ಬಂದ್ರು. ಒಂಬತ್ತು ವರ್ಷ ದುಡಿದ ಮೇಲೂ ಅದು ಒಂದು ಚಿಕ್ಕ ಕನ್ಸಲ್ಟಿಂಗ್ ಕಂಪನಿಯೇ.

1990ರಲ್ಲಿ ಆ ಕಂಪನಿಯನ್ನ ಹತ್ತು ಲಕ್ಷ ಡಾಲರಿಗೆ ಕೊಂಡುಕೊಳ್ಳೋ ಪ್ರಸ್ತಾಪ ಬಂದಿತ್ತು. ಸ್ಥಾಪಕರು ಕೂತು ಮಾತಾಡಿದ್ರು, ಮಾರಿಬಿಡೋಣ ಅನ್ನೋ ಮಾತೂ ಬಂತು. ಕೊನೆಗೆ ಮೂರ್ತಿಯವರು "ನೀವೆಲ್ಲ ಬಿಡೋದಾದ್ರೆ ನಿಮ್ಮ ಪಾಲನ್ನ ನಾನೇ ಕೊಂಡ್ಕೊಳ್ತೀನಿ" ಅಂದ ಮೇಲೆ ಎಲ್ಲರೂ ಉಳಿದ್ರು. ಇದನ್ನ ಅವರೇ ಭಾಷಣಗಳಲ್ಲಿ ಹೇಳಿದ್ದಾರೆ. ಆಗ ಅವರ ಕೈಯಲ್ಲಿ ದುಡ್ಡಿತ್ತಾ ಅಂದ್ರೆ, ಇರಲಿಲ್ಲ!

ನನಗೆ ಇದಕ್ಕಿಂತ ಇಷ್ಟವಾಗೋದು 1995ರ ಘಟನೆ. ಅಮೆರಿಕದ ಒಂದು ಭಾರೀ ಗಿರಾಕಿ, ಜಿಇ ಅಂತ ಎಲ್ಲರಿಗೂ ಗೊತ್ತು, ಇನ್ಫೋಸಿಸ್ ಆದಾಯದ ಸುಮಾರು ಕಾಲು ಭಾಗ ಅವರದ್ದೇ. ರೇಟು ಇಳಿಸಿ ಅಂತ ಕೂತ್ರು. ಅವರು ಹೇಳಿದ ರೇಟಿಗೆ ಒಳ್ಳೆ ಕೆಲಸ ಮಾಡೋಕಾಗಲ್ಲ ಅಂತ ಇವರು ಎದ್ದು ಬಂದ್ರು. ಕಾಲು ಭಾಗ ಆದಾಯ ಬಿಟ್ಟು ಎದ್ದು ಬರೋದು ಅಂದ್ರೆ ತಮಾಷೆಯಲ್ಲ. ಅಲ್ಲಿಂದ ಮುಂದೆ ಯಾವ ಒಬ್ಬ ಗಿರಾಕಿಯ ಮೇಲೂ ಅಷ್ಟೊಂದು ಜೋತುಬೀಳಬಾರದು ಅನ್ನೋದು ಅವರಿಗೆ ಪಾಠ ಆಯ್ತು. ಹೊಸ ಹೊಸ ಗಿರಾಕಿಗಳು, ಹೊಸ ಹೊಸ ಕೆಲಸ, ಹೊಸ ಹೊಸ ಜನ. 1993ರಲ್ಲಿ 95 ರೂಪಾಯಿಗೆ ಶೇರು ಬಿಟ್ಟಾಗ ಕೊಳ್ಳೋರು ಪೂರ್ತಿ ಸಿಗದೇ ಇದ್ದ ಕಂಪನಿ 1999ರಲ್ಲಿ ನಾಸ್ಡಾಕ್ ಸೇರಿತು. 2022ರ ಮಾರ್ಚ್ ಹೊತ್ತಿಗೆ ಅಲ್ಲಿದ್ದವರು 3 ಲಕ್ಷಕ್ಕೂ ಹೆಚ್ಚು.

ಈ ಕಥೆಯನ್ನ ನಾವೆಲ್ಲ ಎಷ್ಟು ನಂಬಿದ್ದೀವಿ ಅಂದ್ರೆ, ಇದೊಂದೇ ದಾರಿ ಅಂದುಕೊಂಡುಬಿಟ್ಟಿದ್ದೀವಿ. ಆದರೆ ಗಂಟೆ ಮಾರಿ ಬೆಳೆಯೋ ಕಂಪನಿಗೆ ಒಂದು ಆಕಾರ ಬಂದುಬಿಡುತ್ತೆ. ಮೇಲೆ ನಾಲ್ಕು ಜನ ಅನುಭವಸ್ಥರು, ನಡುವೆ ಹತ್ತು ಜನ, ಕೆಳಗೆ ನಲವತ್ತು ಫ್ರೆಶರ್ಸ್. ಲಾಭ ಬರೋದು ಕೆಳಗಿನ ಸಾಲಿಂದ, ಯಾಕಂದ್ರೆ ಅವರಿಗೆ ಕೊಡೋ ಸಂಬಳಕ್ಕೂ ಗಿರಾಕಿಗೆ ಹಾಕೋ ರೇಟಿಗೂ ಅಂತರ ಅಲ್ಲೇ ಜಾಸ್ತಿ. ಈ ಪಿರಮಿಡ್ಡನ್ನ ಚೆನ್ನಾಗಿ ನಡೆಸೋಕೆ ದೊಡ್ಡ ತರಬೇತಿ ಕೇಂದ್ರ, ಕಟ್ಟುನಿಟ್ಟಿನ ಪ್ರೋಸೆಸ್ಸು, ವರ್ಷಗಟ್ಟಲೆ ತಾಳ್ಮೆ ಬೇಕು. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ ನೋಡಿದೋರಿಗೆ ಅದರ ಖರ್ಚು ಎಂಥದ್ದು ಅಂತ ಗೊತ್ತಾಗುತ್ತೆ. ಅದಿಲ್ಲದೇ ಬರೀ ಪಿರಮಿಡ್ಡನ್ನ ಮಾತ್ರ ಕಾಪಿ ಹೊಡೆದರೆ ಏನಾಗುತ್ತೆ?

ನಾನು ಕೆಲಸಕ್ಕೆ ಸೇರಿದ ಮೊದಲ ಕಂಪನಿಯಲ್ಲಿ ಅದನ್ನ ಹತ್ತಿರದಿಂದ ನೋಡಿದೆ. ಹೆಸರು ಬೇಡ. ಸೇರಿದಾಗ ಇಪ್ಪತ್ತೆರಡು ಜನ. ಗಿರಾಕಿ ಜೊತೆ ನೇರ ಮಾತು, ಬರೆದ ಕೋಡನ್ನ ಕೂತು ಓದಿ ತಿದ್ದೋ ಹಿರಿಯರು, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ಹೆದರಿಕೆ ಇಲ್ಲ. ಮೂರು ವರ್ಷದಲ್ಲಿ ತೊಂಬತ್ತು ಜನ ಆದ್ವಿ. ಒಂದು ದಿನ ನನ್ನ ಕಣ್ಣಿಗೆ ಬಿದ್ದ, ಗಿರಾಕಿಗೆ ಕಳಿಸಿದ್ದ ಪ್ರೊಫೈಲಿನಲ್ಲಿ ನಮ್ಮ ಟೀಮಿನ ಹುಡುಗಿಯ ಹದಿನಾಲ್ಕು ತಿಂಗಳ ಅನುಭವ ನಾಲ್ಕು ವರ್ಷ ಆಗಿತ್ತು. ಅವಳಿಗೇ ಗೊತ್ತಿರಲಿಲ್ಲ. ಗಿರಾಕಿಯ ಜೊತೆಗಿನ ಕಾಲ್‌ನಲ್ಲಿ "ನಿಮ್ಮ ಹಿಂದಿನ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದಾಗ ಅವಳ ಮುಖ ನೋಡೋಕಾಗಲಿಲ್ಲ. ಆಮೇಲೆ ಕೇಳಿದ್ರೆ ಮೇಲಿನವರ ಉತ್ತರ: "ಎಲ್ಲರೂ ಹೀಗೇ ಮಾಡೋದು."

ಅವರು ಕೆಟ್ಟವರಾಗಿರಲಿಲ್ಲ. ಅದೇ ಜನ ಇಪ್ಪತ್ತೆರಡು ಜನರ ಕಾಲದಲ್ಲಿ ಒಂದು ಬಗ್ ಮುಚ್ಚಿಟ್ಟರೂ ಬೈತಿದ್ದೋರು. ಆದರೆ ತೊಂಬತ್ತು ಜನರ ಸಂಬಳ ತಿಂಗಳಾ ತಿಂಗಳಾ ಹೊಂದಿಸಬೇಕು, ಗಿರಾಕಿಗೆ ಅನುಭವಸ್ಥರೇ ಬೇಕು, ಕೈಯಲ್ಲಿರೋರು ಹೊಸಬರು. ಗಂಟೆ ಮಾರೋ ಅಂಗಡಿಯಲ್ಲಿ ಸರಕು ಕಡಿಮೆ ಬಿದ್ದಾಗ ತಕ್ಕಡಿ ಒತ್ತೋದು ಶುರು ಆಗುತ್ತೆ. ಅದರ ಬೆಲೆ ತೆತ್ತಿದ್ದು ಆ ಹುಡುಗಿ. ಇಂಥ ಕಂಪನಿಗಳು ಹೇಗೆ ಬೆಳೀತಾವೆ ಅನ್ನೋ ಪ್ರಶ್ನೆ ನನಗೆ ಬರೀ ಬಿಸಿನೆಸ್ ಪ್ರಶ್ನೆ ಅನಿಸದೇ ಇರೋದು ಇದಕ್ಕೇ.

ಸರಿ, ಎರಡನೇ ದಾರಿ ನೋಡೋಣ. ಹೋಟೆಲಿಂದ ಪ್ಯಾಕೆಟ್ಟಿಗೆ ಹೋಗೋದು.

1999ರಲ್ಲಿ ಶಿಕಾಗೋದಲ್ಲಿ ಜೇಸನ್ ಫ್ರೀಡ್ ಮತ್ತೆ ಇನ್ನಿಬ್ಬರು ಸೇರಿ 37 ಸಿಗ್ನಲ್ಸ್ ಅಂತ ಒಂದು ಕಂಪನಿ ಶುರು ಮಾಡಿದ್ರು. ಬೇರೆ ಕಂಪನಿಗಳಿಗೆ ವೆಬ್‌ಸೈಟ್ ಡಿಸೈನ್ ಮಾಡಿಕೊಡೋ ಕೆಲಸ. ನಾಲ್ಕಾರು ಜನ. ಗಿರಾಕಿಗಳ ಜೊತೆ ಇಮೇಲಿನಲ್ಲಿ ಪ್ರಾಜೆಕ್ಟ್ ನಡೆಸಿ ಸಾಕಾಗಿ ತಮಗೋಸ್ಕರವೇ ಒಂದು ಟೂಲ್ ಮಾಡ್ಕೊಂಡ್ರು. ಅದನ್ನ ಬರೆದದ್ದು ಡೆನ್ಮಾರ್ಕಿನಲ್ಲಿ ಇನ್ನೂ ಓದ್ತಾ ಇದ್ದ ಡೇವಿಡ್ ಹೈನೆಮಿಯರ್ ಹ್ಯಾನ್ಸನ್, ವಾರಕ್ಕೆ ಹತ್ತು ಗಂಟೆ ಕೆಲಸ ಮಾಡಿ. ಗಿರಾಕಿಗಳು ನೋಡಿ "ಇದು ನಮಗೂ ಬೇಕು" ಅಂದ್ರು. 2004ರ ಫೆಬ್ರವರಿಯಲ್ಲಿ ಬೇಸ್‌ಕ್ಯಾಂಪ್ ಅಂತ ಮಾರಾಟಕ್ಕಿಟ್ಟರು. ಅದರೊಳಗಿನ ಚೌಕಟ್ಟನ್ನ ಬಿಡಿಸಿ ತೆಗೆದು ಅದೇ ವರ್ಷ ಎಲ್ಲರಿಗೂ ಉಚಿತವಾಗಿ ಕೊಟ್ಟರು, ಅದೇ ರೂಬಿ ಆನ್ ರೈಲ್ಸ್. ಸ್ವಲ್ಪ ದಿನದಲ್ಲೇ ಟೂಲಿನ ಚಂದಾ ಹಣ ಡಿಸೈನ್ ಕೆಲಸದ ಹಣವನ್ನ ಮೀರಿತು, ಗಿರಾಕಿ ಕೆಲಸ ನಿಲ್ಲಿಸಿಬಿಟ್ಟರು. 2006ರಲ್ಲಿ ಅಮೆಜಾನಿನ ಜೆಫ್ ಬೆಜೋಸ್ ಒಂದು ಚಿಕ್ಕ ಪಾಲು ಕೊಂಡರು. ಅಷ್ಟಾದ್ರೂ ಅವರು ಜನರನ್ನ ಗುಡ್ಡೆ ಹಾಕ್ಕೊಳ್ಳಲಿಲ್ಲ. ಲಕ್ಷಾಂತರ ಜನ ಬಳಸೋ ಸಾಫ್ಟ್‌ವೇರನ್ನ ಕೆಲವೇ ಡಜನ್ ಜನ ನೋಡ್ಕೊಂಡ್ರು.

ನ್ಯೂಯಾರ್ಕಿನ ಫಾಗ್ ಕ್ರೀಕ್ ಕಥೆಯೂ ಇದೇ ಜಾತಿಯದ್ದು. ಬ್ಲಾಗ್ ಬರೆಯೋರಿಗೆಲ್ಲ ಜೋಯೆಲ್ ಸ್ಪೋಲ್ಸ್ಕಿ ಗೊತ್ತಿರಬೇಕು. ಅವರೂ ಮೈಕೆಲ್ ಪ್ರಯರೂ 2000ದಲ್ಲಿ ಶುರು ಮಾಡಿದಾಗ ಪ್ಲಾನ್ ಇದ್ದದ್ದು ಹೀಗೆ: ಕನ್ಸಲ್ಟಿಂಗ್ ಮಾಡಿ ದುಡ್ಡು ಮಾಡೋದು, ಆ ದುಡ್ಡಲ್ಲಿ ಪ್ರಾಡಕ್ಟ್ ಮಾಡೋದು. ಅಷ್ಟರಲ್ಲಿ ಡಾಟ್‌ಕಾಂ ಗುಳ್ಳೆ ಒಡೀತು, ಕನ್ಸಲ್ಟಿಂಗ್ ಕೆಲಸವೇ ಬತ್ತಿಹೋಯ್ತು. ಕೈಯಲ್ಲಿದ್ದ ಬಗ್ ಲೆಕ್ಕ ಇಡೋ ಟೂಲನ್ನ ಫಾಗ್‌ಬಗ್ಸ್ ಅಂತ ಮಾರೋಕೆ ಇಟ್ರು, ಅದು ಕಂಪನಿಯನ್ನ ಉಳಿಸ್ತು. ಮುಂದೆ ಅದೇ ಕಂಪನಿಯೊಳಗೆ 2011ರಲ್ಲಿ ಟ್ರೆಲ್ಲೋ ಹುಟ್ಟಿತು, 2017ರಲ್ಲಿ ಅಟ್ಲಾಸಿಯನ್ ಅದನ್ನ 42.5 ಕೋಟಿ ಡಾಲರಿಗೆ ಕೊಂಡಿತು.

ಇದನ್ನ ಓದಿ ನಮ್ಮ ಬೆಂಗಳೂರಿನ ಪ್ರತಿ ಚಿಕ್ಕ ಕನ್ಸಲ್ಟಿಂಗ್ ಕಂಪನಿಯ ಬಾಸೂ ಒಂದಲ್ಲ ಒಂದು ದಿನ "ನಾವೂ ಒಂದು ಪ್ರಾಡಕ್ಟ್ ಮಾಡೋಣ" ಅಂತಾರೆ :-) ಆಮೇಲೆ ಏನಾಗುತ್ತೆ ಅಂತ ನಿಮಗೂ ಗೊತ್ತು. ಬೆಂಚಿನಲ್ಲಿರೋ ಇಬ್ಬರನ್ನ ಅದಕ್ಕೆ ಹಾಕ್ತಾರೆ. ಮೂರು ತಿಂಗಳಾದ ಮೇಲೆ ಗಿರಾಕಿ ಕೆಲಸ ಬರುತ್ತೆ, ಇಬ್ಬರೂ ಅಲ್ಲಿಗೆ ಹೋಗ್ತಾರೆ. ಪ್ರಾಡಕ್ಟ್ ಅರ್ಧಕ್ಕೆ ನಿಲ್ಲುತ್ತೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಪ್ರಾಡಕ್ಟಿಗೆ ದುಡ್ಡು ಬೇಕು, ದುಡ್ಡಿಗೆ ಗಂಟೆ ಮಾರಬೇಕು, ಗಂಟೆ ಮಾರಿದ ಮೇಲೆ ಪ್ರಾಡಕ್ಟಿಗೆ ಗಂಟೆ ಎಲ್ಲಿ?

37 ಸಿಗ್ನಲ್ಸ್‌ನವರು ಈ ಗಂಟಿನಿಂದ ಪಾರಾಗಿದ್ದು ಹೇಗೆ ಅಂತ ನೋಡಿದ್ರೆ ಎರಡು ಕಾರಣ ಕಾಣುತ್ತೆ. ಒಂದು, ಅವರು ದಿನಾ ತಾವೇ ಬಳಸೋ ವಸ್ತುವನ್ನ ಮಾಡಿದ್ರು, ಹಾಗಾಗಿ ಅದು ಸರಿ ಇದೆಯೋ ಇಲ್ವೋ ಅಂತ ಬೇರೆ ಯಾರನ್ನೋ ಕೇಳಬೇಕಾಗಿರಲಿಲ್ಲ. ಎರಡು, ವಾರಕ್ಕೆ ಹತ್ತೇ ಗಂಟೆ ಆದರೂ ಆ ಹತ್ತು ಗಂಟೆಯನ್ನ ಯಾರಿಗೂ ಮಾರಲಿಲ್ಲ. ಎರಡನೆಯದು ಶಿಸ್ತಿನ ಮಾತು, ಹೇಳೋಕೆ ಸುಲಭ.

ಹಾಗಂತ ಚಿಕ್ಕದಾಗಿದ್ದ ಮಾತ್ರಕ್ಕೆ ಸ್ವರ್ಗ ಅಂತಲೂ ಅಲ್ಲ. ಅದೇ ಕಂಪನಿಯಲ್ಲಿ 2021ರಲ್ಲಿ ಮಾಲೀಕರಿಬ್ಬರು ಆಫೀಸಿನಲ್ಲಿ ರಾಜಕೀಯ ಚರ್ಚೆ ಬೇಡ ಅಂತ ಇದ್ದಕ್ಕಿದ್ದಂತೆ ಹೇಳಿದಾಗ ಸುಮಾರು ಮೂರನೇ ಒಂದು ಭಾಗ ಜನ ಕೆಲಸ ಬಿಟ್ಟು ಹೋದ್ರು. ಚಿಕ್ಕ ಕಂಪನಿಯಲ್ಲಿ ಇಬ್ಬರ ಮನಸ್ಸು ಬದಲಾದರೆ ಇಡೀ ಕಂಪನಿ ಬದಲಾಗುತ್ತೆ. ಇದನ್ನೂ ಲೆಕ್ಕಕ್ಕೆ ತಗೋಬೇಕು.

ಈಗ ಮೂರನೇ ದಾರಿ, ನನಗೆ ತುಂಬಾ ಹೊಟ್ಟೆ ಉರಿಸಿದ ದಾರಿ: ಒಳ್ಳೆ ಹೆಸರು ಮಾಡಿ ಬೆಳೆದು, ಆಮೇಲೆ ಕೈತಪ್ಪಿ ಹೋಗೋದು.

ಥಾಟ್‌ವರ್ಕ್ಸ್ ಹೆಸರು ಕೇಳಿರ್ತೀರಿ. 1993ರಲ್ಲಿ ಶಿಕಾಗೋದಲ್ಲಿ ರಾಯ್ ಸಿಂಘಮ್ ಕಟ್ಟಿದ ಕಂಪನಿ. ಬೆಂಗಳೂರಿಗೆ ಬಂದದ್ದು 2001ರಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದ್ರಲ್ಲ, ಅದರಲ್ಲಿ ಒಬ್ಬರು ಥಾಟ್‌ವರ್ಕ್ಸ್‌ನ ಮಾರ್ಟಿನ್ ಫೌಲರ್. ಕ್ರೂಸ್‌ಕಂಟ್ರೋಲ್, ಸೆಲೆನಿಯಮ್ ಎಲ್ಲ ಅಲ್ಲೇ ಹುಟ್ಟಿದವು. ಇವತ್ತು ಟೆಸ್ಟಿಂಗ್ ಕೆಲಸದಲ್ಲಿರೋ ಎಷ್ಟೋ ಜನರ ಊಟ ಸೆಲೆನಿಯಮ್ಮಿಂದ. ಇಬ್ಬರು ಒಂದೇ ಮಷೀನಿನ ಮುಂದೆ ಕೂತು ಕೋಡ್ ಬರೆಯೋದು, ಮೊದಲು ಟೆಸ್ಟ್ ಬರೆಯೋದು, ಇಂಟರ್‌ವ್ಯೂನಲ್ಲಿ ಬರೀ ಮಾತು ಕೇಳದೇ ಕೋಡ್ ಬರೆಸೋದು, ಇದೆಲ್ಲ ಬೆಂಗಳೂರಿನ ಎಷ್ಟೋ ಕಂಪನಿಗಳಿಗೆ ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ಲಾಭದ ಜೊತೆಗೆ ಒಳ್ಳೆ ಸಾಫ್ಟ್‌ವೇರ್, ಸಾಮಾಜಿಕ ನ್ಯಾಯ ಮೂರೂ ಸಮ ಅಂತ ಹೇಳ್ಕೊಂಡಿದ್ದ ಕಂಪನಿ.

ಪ್ರಾಡಕ್ಟ್ ಕೂಡ ಪ್ರಯತ್ನಿಸಿದ್ರು. ಮಿಂಗಲ್ ಅಂತ ಒಂದು ಮಾಡಿದ್ರು, ಕೊನೆಗೆ ನಿಲ್ಲಿಸಿದ್ರು. ಮುಖ್ಯ ದಾರಿ ಗಂಟೆ ಮಾರೋದೇ ಆಗಿತ್ತು, ಸ್ವಲ್ಪ ಹೆಚ್ಚಿನ ರೇಟಿಗೆ. ಶೇರೆಲ್ಲ ಸ್ಥಾಪಕರ ಕೈಯಲ್ಲಿದ್ದಷ್ಟು ದಿನ ಹೊರಗಿನವರಿಗೆ ಲಾಭದ ಲೆಕ್ಕ ಒಪ್ಪಿಸೋ ಗೋಜು ಇರಲಿಲ್ಲ. 2017ರಲ್ಲಿ ಸಿಂಘಮ್ ಅದನ್ನ ಏಪಾಕ್ಸ್ ಅನ್ನೋ ಹೂಡಿಕೆ ಸಂಸ್ಥೆಗೆ ಮಾರಿದ್ರು. 2021ರ ಸೆಪ್ಟೆಂಬರಿನಲ್ಲಿ 21 ಡಾಲರಿಗೆ ಒಂದು ಶೇರಿನ ಹಾಗೆ ನಾಸ್ಡಾಕಿಗೆ ಬಂತು. ಆಮೇಲೆ ಮಾರುಕಟ್ಟೆ ತಣ್ಣಗಾಯ್ತು, 2023ರಲ್ಲಿ ಜನರನ್ನ ತೆಗೆದ್ರು. 2024ರಲ್ಲಿ ಅದೇ ಏಪಾಕ್ಸ್ ಉಳಿದ ಶೇರುಗಳನ್ನ 4.40 ಡಾಲರಿನ ಹಾಗೆ ವಾಪಸ್ ಕೊಂಡು ಮಾರುಕಟ್ಟೆಯಿಂದ ಆಚೆ ತಗೊಂಡು ಹೋಯ್ತು.

ಸಿಂಘಮ್ ಮಾರಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ, ಅವರ ಆಸ್ತಿ ಅವರಿಷ್ಟ. ಆದರೆ "ನಾವು ಬೇರೆ ಥರದ ಕಂಪನಿ" ಅನ್ನೋ ಮಾತಿಗೆ ಬುಡ ಇದ್ದದ್ದು ಒಬ್ಬರ ಶೇರು ಪತ್ರದಲ್ಲಿ. ಅದು ಕೈ ಬದಲಾದ ದಿನ ಆ ಮಾತಿನ ಹಣೆಬರಹವೂ ಹೊಸ ಮಾಲೀಕರ ಕೈಗೆ ಹೋಯ್ತು.

ಇದಕ್ಕಿಂತ ಹತ್ತಿರದ್ದು ಮೈಂಡ್‌ಟ್ರೀ. 1999ರಲ್ಲಿ ಅಶೋಕ್ ಸೂಟಾ, ಸುಬ್ರೋತೊ ಬಾಗ್ಚಿ, ಕೃಷ್ಣಕುಮಾರ್ ನಟರಾಜನ್ ಮುಂತಾದ ಹತ್ತು ಜನ ಬೆಂಗಳೂರಿನಲ್ಲಿ ಶುರು ಮಾಡಿದ್ದು. ಮೊದಲ ಲೋಗೋ ಬರೆದದ್ದು ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದ ಒಬ್ಬ ವಿದ್ಯಾರ್ಥಿ. ನಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ದಿನಗಳಲ್ಲಿ "ದೊಡ್ಡದಾದ್ರೂ ಮನುಷ್ಯರ ಥರ ನಡೆಸ್ಕೊಳ್ತಾರಂತೆ" ಅನ್ನೋ ಹೆಸರಿತ್ತು ಅದಕ್ಕೆ. 2007ರಲ್ಲಿ ಶೇರು ಮಾರುಕಟ್ಟೆಗೆ ಬಂತು. ಆದರೆ 2019ರ ಹೊತ್ತಿಗೆ ಸ್ಥಾಪಕರ ಕೈಲಿ ಉಳಿದಿದ್ದು 13 ಚಿಲ್ಲರೆ ಪರ್ಸೆಂಟ್. ಅತಿ ದೊಡ್ಡ ಪಾಲು ಇದ್ದದ್ದು ಕಾಫಿ ಡೇ ಸಿದ್ಧಾರ್ಥ ಅವರ ಹತ್ತಿರ, ಸುಮಾರು 20 ಪರ್ಸೆಂಟ್. ಅವರು ಸಾಲದ ಒತ್ತಡದಲ್ಲಿದ್ದರು. ಆ ಮಾರ್ಚಿನಲ್ಲಿ ಆ ಪಾಲನ್ನ ಎಲ್ ಅಂಡ್ ಟಿ ಕೊಂಡಿತು. ಸ್ಥಾಪಕರು ಬೇಡ ಬೇಡ ಅಂದ್ರೂ ಮಾರುಕಟ್ಟೆಯಿಂದ ಇನ್ನಷ್ಟು ಶೇರು ಕೊಂಡು ಕಂಪನಿಯನ್ನ ಹಿಡಿತಕ್ಕೆ ತಗೊಳ್ತು. ಜುಲೈನಲ್ಲಿ ಉಳಿದಿದ್ದ ಸ್ಥಾಪಕರು ರಾಜೀನಾಮೆ ಕೊಟ್ಟರು. 2022ರಲ್ಲಿ ಎಲ್‌ಟಿಐ ಜೊತೆ ಸೇರಿ ಎಲ್‌ಟಿಐಮೈಂಡ್‌ಟ್ರೀ ಆಯ್ತು, ಮುಖ್ಯ ಕಚೇರಿ ಮುಂಬೈ.

ಕಾನೂನು ಪ್ರಕಾರ ಎಲ್ಲ ಸರಿ. ಎಲ್ ಅಂಡ್ ಟಿ ದುಡ್ಡು ಕೊಟ್ಟು ಕೊಂಡಿದ್ದು. ಆದರೆ ಇಪ್ಪತ್ತು ವರ್ಷ ಕೂತು ಕಟ್ಟಿದ ಕಂಪನಿಯ ನಡತೆಯನ್ನ ನಾಲ್ಕು ತಿಂಗಳಲ್ಲಿ ಬೇರೆಯವರ ಕೈಗೆ ಕೊಡಬೇಕಾಗಿ ಬಂತಲ್ಲ, ಅದಕ್ಕೆ ಕಾರಣ ಕೆಟ್ಟ ಕೋಡೂ ಅಲ್ಲ, ಕೆಟ್ಟ ಗಿರಾಕಿಯೂ ಅಲ್ಲ. ಬೆಳೆಯೋಕೆ ಅಂತ ಹಂಚಿಕೊಂಡ ಶೇರು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ.

ಚಿಕ್ಕ ಕನ್ಸಲ್ಟಿಂಗ್ ಕಂಪನಿಯ ಮುಂದೆ ನಾಲ್ಕು ದಾರಿ ಇವೆ. ಜನ ಸೇರಿಸಿ ಬೆಳೆಯೋದು, ಪ್ರಾಡಕ್ಟ್ ಮಾಡೋದು, ಮಾರಿಬಿಡೋದು, ಇದ್ದಷ್ಟೇ ಇರೋದು. ಮೊದಲ ಮೂರರ ಬಗ್ಗೆ ಪುಸ್ತಕಗಳಿವೆ, ಭಾಷಣಗಳಿವೆ, ಪ್ರಶಸ್ತಿಗಳಿವೆ. ನಾಲ್ಕನೆಯದಕ್ಕೆ ನಮ್ಮಲ್ಲಿ ಒಂದು ಒಳ್ಳೆ ಹೆಸರೂ ಇಲ್ಲ. ಆದರೆ ಬೇರೆ ವೃತ್ತಿಗಳಲ್ಲಿ ನೋಡಿ. ಮಲ್ಲೇಶ್ವರದಲ್ಲಿ ನಲವತ್ತು ವರ್ಷದಿಂದ ಒಂದೇ ರೂಮಿನಲ್ಲಿ ಕೆಲಸ ಮಾಡೋ ಆಡಿಟರ್ರನ್ನ, ಊರಿನ ಫ್ಯಾಮಿಲಿ ಡಾಕ್ಟರನ್ನ "ಪಾಪ, ಬೆಳೀಲಿಲ್ಲ" ಅಂತ ಯಾರಾದ್ರೂ ಅಂತಾರಾ? ಅಲ್ಲಿ ಕೆಲಸ ಚೆನ್ನಾಗಿ ಮಾಡ್ತಾರೆ ಅನ್ನೋದೇ ಅಳತೆ. ನಮ್ಮ ಕಸುಬಿಗೆ ಮಾತ್ರ ತಲೆ ಎಣಿಸೋ ಅಳತೆ ಯಾಕೆ?

ಇದ್ದಷ್ಟೇ ಇರೋದು ಸೋಮಾರಿಗಳ ದಾರಿಯಲ್ಲ. ಮೇಲೆ ಹಾಕಿದ ಲೆಕ್ಕ ಮತ್ತೆ ನೋಡಿ, ಹತ್ತು ಜನರ ಕಂಪನಿ ಬದುಕಬೇಕಂದ್ರೆ ಆರು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಟ್ಟಿರಬೇಕು. ಅಂದ್ರೆ ಒಳ್ಳೆ ವರ್ಷಗಳಲ್ಲಿ ಮಾಲೀಕರು ಕಾರು ಬದಲಾಯಿಸೋದನ್ನ ಮುಂದೂಡಬೇಕು. ಒಬ್ಬ ಗಿರಾಕಿಯಿಂದ ಅರ್ಧ ಆದಾಯ ಬರ್ತಿದ್ರೆ ಖುಷಿ ಪಡೋ ಬದಲು ನಿದ್ದೆಗೆಡಬೇಕು. ಕಾಲು ಭಾಗ ಬಿಟ್ಟು ಬರೋಕೆ ಇನ್ಫೋಸಿಸ್‌ಗೇ ಅಷ್ಟು ಧೈರ್ಯ ಬೇಕಾಯ್ತು ಅಂದ್ರೆ, ಅರ್ಧ ಬಿಟ್ಟು ಬರೋ ಧೈರ್ಯ ಹತ್ತು ಜನರ ಕಂಪನಿಗೆ ಎಲ್ಲಿಂದ ಬರಬೇಕು? ಬಂದ ಕೆಲಸವನ್ನೆಲ್ಲ ಹೂಂ ಅನ್ನದೇ ಕೆಲವಕ್ಕೆ "ನಮ್ಮಿಂದ ಆಗಲ್ಲ, ಇಂಥವರನ್ನ ಕೇಳಿ" ಅನ್ನೋದೂ ಕಲೀಬೇಕು.

ಇನ್ನು ಎಐ ಬಂದಿದೆ. ಎಲ್ಲರೂ ಅದರ ಬಗ್ಗೆ ಬರೆದಾಗಿದೆ, ಆದರೂ ಈ ವಿಷಯಕ್ಕೆ ಸಂಬಂಧ ಇರೋದರಿಂದ ನಾಲ್ಕು ಸಾಲು. ಗಂಟೆಗೆ ಬಿಲ್ ಹಾಕೋ ಪದ್ಧತಿಯಲ್ಲಿ ಮೊದಲಿನಿಂದಲೂ ಒಂದು ವಿಚಿತ್ರ ಇದೆ: ಕೆಲಸವನ್ನ ಬೇಗ ಮುಗಿಸಿದವನಿಗೇ ನಷ್ಟ. ಹತ್ತು ಗಂಟೆಯ ಕೆಲಸವನ್ನ ನಾಲ್ಕು ಗಂಟೆಯಲ್ಲಿ ಮಾಡಿದ್ರೆ ಬಿಲ್ಲು ನಾಲ್ಕು ಗಂಟೆಯದ್ದೇ. ಇಷ್ಟು ದಿನ ಇದು ಅಷ್ಟಾಗಿ ಕಾಣ್ತಿರಲಿಲ್ಲ. ಈಗ ಟೂಲುಗಳು ಕೋಡ್ ಬರೆದುಕೊಡೋಕೆ ಶುರು ಮಾಡಿದ ಮೇಲೆ ಗಿರಾಕಿಗಳೇ "ನಿಮ್ಮ ಗಂಟೆ ಕಡಿಮೆ ಆಗ್ಬೇಕಲ್ಲ?" ಅಂತ ಕೇಳ್ತಿದ್ದಾರೆ. ಕೆಳಗಿನ ಸಾಲಿನ ಗಂಟೆಗಳ ಮೇಲೆ ನಿಂತಿರೋ ಪಿರಮಿಡ್ಡಿಗೆ ಇದು ದೊಡ್ಡ ತಲೆನೋವು. ಚಿಕ್ಕ ಕಂಪನಿಗೆ ಪಿರಮಿಡ್ಡೇ ಇಲ್ಲ, ಹಾಗಾಗಿ ಅದು ಬೇಗ ಹೊರಳಬಹುದು. ಗಂಟೆ ಬಿಟ್ಟು ಕೆಲಸಕ್ಕೆ ಬೆಲೆ ಕಟ್ಟಬಹುದು.

ಅದರಲ್ಲೂ ಅಪಾಯ ಇದೆ. ಕೆಲಸಕ್ಕೆ ಒಂದೇ ಮೊತ್ತ ಅಂತ ಒಪ್ಪಿಕೊಂಡ ಮರುದಿನವೇ "ಇದೊಂದು ಚಿಕ್ಕದು ಸೇರಿಸಿಬಿಡಿ" ಶುರುವಾಗುತ್ತೆ. ಏನು ಮಾಡ್ತೀವಿ, ಏನು ಮಾಡಲ್ಲ ಅಂತ ಮೊದಲೇ ಬರೆದುಕೊಂಡು, ಸೇರಿಸಿದ್ದಕ್ಕೆ ಬೇರೆ ಬಿಲ್ಲು ಹಾಕೋ ಗಟ್ಟಿತನ ಇಲ್ಲದಿದ್ರೆ ಗಂಟೆ ಲೆಕ್ಕವೇ ವಾಸಿ. ಮತ್ತೊಂದು ಚಿಂತೆ ನನಗೆ ಹೆಚ್ಚು ಕಾಡೋದು. ಹೊಸಬರನ್ನ ತಗೊಳ್ಳೋದೇ ಬೇಡ ಅಂತ ಎಲ್ಲ ಚಿಕ್ಕ ಕಂಪನಿಗಳೂ ಕೂತ್ರೆ ಹತ್ತು ವರ್ಷದ ನಂತರ ಅನುಭವಸ್ಥರು ಎಲ್ಲಿಂದ ಬರ್ತಾರೆ? ಪಕ್ಕದಲ್ಲಿ ಕೂರಿಸಿಕೊಂಡು ಕೋಡ್ ತಿದ್ದಿದ ಹಿರಿಯರಿಂದಲೇ ನಾವೆಲ್ಲ ಕಲಿತದ್ದು. ವರ್ಷಕ್ಕೆ ಒಬ್ಬರನ್ನಾದ್ರೂ ತಗೊಂಡು, ಅವರ ಅನುಭವವನ್ನ ಇದ್ದಷ್ಟೇ ಹೇಳಿ, ಅದಕ್ಕೆ ತಕ್ಕ ರೇಟು ಹಾಕಿ, ಕಲಿಸೋದನ್ನ ಚಿಕ್ಕ ಕಂಪನಿಗಳು ಬಿಡಬಾರದು.

ಕೊನೆಯದಾಗಿ, ಇಂಥ ಕಂಪನಿಗೆ ಸೇರೋ ಗೆಳೆಯರಿಗೆ. ಇಂಟರ್‌ವ್ಯೂ ಕೊನೇಲಿ "ನಿಮಗೇನಾದ್ರೂ ಕೇಳೋದಿದ್ಯಾ?" ಅಂತಾರಲ್ಲ, ಆಗ ಸುಮ್ನೆ ತಲೆ ಅಲ್ಲಾಡಿಸಬೇಡಿ. ಮೂರು ಪ್ರಶ್ನೆ ಕೇಳಿ. ನಿಮ್ಮ ಅತಿ ದೊಡ್ಡ ಗಿರಾಕಿಯಿಂದ ಆದಾಯದ ಎಷ್ಟು ಭಾಗ ಬರುತ್ತೆ? ಶೇರು ಯಾರ ಯಾರ ಕೈಯಲ್ಲಿದೆ? ನನ್ನ ಪ್ರೊಫೈಲ್ ಗಿರಾಕಿಗೆ ಕಳಿಸೋ ಮುಂಚೆ ನನಗೆ ತೋರಿಸ್ತೀರಾ? ಮೊದಲೆರಡಕ್ಕೆ ಉತ್ತರ ಕೊಡದೇ ಇರಬಹುದು, ಅದು ಅವರ ಹಕ್ಕು. ಮೂರನೆಯದಕ್ಕೆ ತಡವರಿಸಿದ್ರೆ ಮಾತ್ರ ಆಫರ್ ಲೆಟರ್ ಎಷ್ಟೇ ದಪ್ಪ ಇದ್ರೂ ಎರಡು ಸಲ ಯೋಚನೆ ಮಾಡಿ.

ಚಿಕ್ಕ ಕಂಪನಿಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ನಡೆಸಿದವರು, ನಡೆಸಿ ಕೈಸುಟ್ಟುಕೊಂಡವರು ನಿಮ್ಮಲ್ಲೇ ಎಷ್ಟೋ ಜನ ಇದ್ದೀರಿ. ಹದಿನೈದು ಇಪ್ಪತ್ತು ವರ್ಷ ಇದ್ದಷ್ಟೇ ಇದ್ದು, ಒಳ್ಳೆ ಹೆಸರು ಉಳಿಸಿಕೊಂಡಿರೋ ಕಂಪನಿ ನಿಮ್ಮ ಕಣ್ಣಿಗೆ ಬಿದ್ದಿದ್ರೆ ಅದು ಕೆಟ್ಟ ವರ್ಷಗಳನ್ನ ಹೇಗೆ ದಾಟಿತು ಅಂತ ಬರೀರಿ. ನನಗೆ ನಿಜವಾಗ್ಲೂ ತಿಳ್ಕೋಬೇಕಾಗಿದೆ.